ಪೋಲೆಂಡಿನ ವ್ರೊತ್ಸ್ವಾಫ್‌ನಿಂದ ಕಥೆ ಕಳಿಸಿದ ಹುಡುಗನಿಗೆ

ಪ್ರೀತಿಯ ತಮ್ಮಾ,

ನಿನ್ನ ಹಸ್ತಪ್ರತಿ ಸಿಕ್ಕಿ ಮೂರು ವಾರವಾಯಿತು. ಕಥೆಗಳನ್ನು ಎರಡು ಸಲ ಓದಿದೆ, ಜೊತೆಗಿದ್ದ ಕಾಗದವನ್ನು ನಾಲ್ಕು ಸಲ. "ಇದು ಕನ್ನಡದ ಹಾಗೇ ಇಲ್ಲ ಅಂತ ವಾಪಸ್ ಕಳಿಸಿದರು ಸರ್, ಇನ್ನು ಬರೆಯೋದು ಸಾಕು ಅನ್ನಿಸಿದೆ" ಎಂದು ಕೊನೆಗೆ ಬರೆದಿದ್ದೀಯ. ಆ ಸಾಲು ಎಷ್ಟು ಚೆಂದದ ಕನ್ನಡ ಗೊತ್ತೇನು? "ಸಾಕು ಅನ್ನಿಸಿದೆ." ದುಃಖದಲ್ಲಿದ್ದಾಗ ಸರಿಯಾದ ಕ್ರಿಯಾಪದ ನಿನಗೆ ತಾನಾಗಿ ಬಂತು. ಕಥೆ ಬರೆಯಲು ಕೂತಾಗ ಮಾತ್ರ ಅದು ಎಲ್ಲಿ ಹೋಗುತ್ತದೆ? ನನ್ನ ಸಿಟ್ಟೆಲ್ಲ ಇದರ ಮೇಲೆ. ಈ ಪತ್ರವೂ ಇದೊಂದರ ಬಗ್ಗೆಯೇ.

ಯಾವ ಪ್ರಕಾಶಕರಿಗೆ ಕಳಿಸಲಿ, ಮುನ್ನುಡಿ ಯಾರಿಂದ ಬರೆಸಲಿ, ಕಥೆ ಎಷ್ಟು ಉದ್ದ ಇರಬೇಕು ಎಂದೆಲ್ಲ ಕೇಳಿದ್ದೀಯ. ಅದನ್ನು ಬೇರೆ ಯಾರನ್ನಾದರೂ ಕೇಳು, ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಸರ್ ಅನ್ನುವುದೂ ಬೇಡ, ನಮ್ಮ ಧಾರವಾಡದ ಕಡೆ ಕಾಕಾ ಅಂದರೆ ಸಾಕು.

ಖಾಲಿ ತಟ್ಟೆಯ ಕಥೆಯನ್ನೇ ತಗೋ. ನೀನು ಬಾಡಿಗೆಗಿರುವ ಮನೆಯ ಮುದುಕಿ. ಪೋಲೆಂಡ್ 2004ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಲಕ್ಷಗಟ್ಟಲೆ ಜನ ಇಂಗ್ಲೆಂಡು ಐರ್ಲೆಂಡಿಗೆ ಕೆಲಸಕ್ಕೆ ಹೊರಟರಲ್ಲ, ಆ ಗುಂಪಿನಲ್ಲಿ ಹೋದ ಅವಳ ಮಗ. ಕ್ರಿಸ್‌ಮಸ್ ಹಿಂದಿನ ಸಂಜೆ ಮೊದಲ ನಕ್ಷತ್ರ ಕಂಡ ಮೇಲೆ ಊಟಕ್ಕೆ ಕೂರುವುದು, ಕರೆಯದೆ ಬರುವವರಿಗೆಂದು ಮೇಜಿನ ಮೇಲೆ ಒಂದು ತಟ್ಟೆ ಹೆಚ್ಚಿಗೆ ಇಡುವುದು ಅವರ ಪದ್ಧತಿ. ನೀನು ಅದನ್ನು ವಿವರಿಸಲು ಹೋಗಿಲ್ಲ. ಅವಳು ಆ ತಟ್ಟೆಯನ್ನು ಸೆರಗಿನಲ್ಲಿ ಒರೆಸಿದ ಹಾಗೆ ಏಪ್ರನ್ನಿನ ತುದಿಯಿಂದ ಎರಡು ಸಲ ಒರೆಸಿ, ಕಿಟಕಿಗೆ ಹತ್ತಿರವಿದ್ದ ಕುರ್ಚಿಯ ಮುಂದೆ ಇಟ್ಟಳು ಅಂತಷ್ಟೇ ಬರೆದಿದ್ದೀಯ. ಅಲ್ಲಿ ಓದು ನಿಲ್ಲಿಸಿ ಕನ್ನಡಕ ತೆಗೆದಿಟ್ಟೆ. ನಿನಗೆ ಕಣ್ಣಿದೆ, ತಮ್ಮಾ. ಮತ್ತೆ ಕನ್ನಡಕ ಹಾಕಿಕೊಂಡು ಮುಂದಿನ ಸಾಲಿಗೆ ಬಂದರೆ ಅವಳು ಹೇಳುತ್ತಾಳೆ: "ಅವನು ಬರುತ್ತಾನೆ ಎಂದು ನಾನು ಯೋಚಿಸುವುದಿಲ್ಲ."

ಯಾವ ತಾಯಿ ಹೀಗೆ ಮಾತಾಡುತ್ತಾಳೆ? "ಯೋಚಿಸುವುದಿಲ್ಲ" ಅಂದರೆ ಕನ್ನಡದಲ್ಲಿ ತಲೆ ಕೆಡಿಸಿಕೊಂಡಿಲ್ಲ ಎಂದರ್ಥ. ಅವಳಾದರೋ ಬೇರೆ ಏನನ್ನೂ ಯೋಚಿಸುತ್ತಿಲ್ಲ.

ಅವಳು ನಿಜಕ್ಕೂ ಏನೆಂದಳು ಎಂಬುದನ್ನು ನೀನೇ ಕಾಗದದಲ್ಲಿ ಹೇಳಿದ್ದೀಯ: "ಹಿಬಾ ನ್ಯೆ ಪ್ಶಿಯೆಜೆ." ಅದರಲ್ಲಿ ಯೋಚನೆಯ ಕ್ರಿಯಾಪದವೇ ಇಲ್ಲ. ಹಿಬಾ ಎಂಬುದೊಂದು ಪುಟ್ಟ ಅವ್ಯಯ, ಮಾತನ್ನು ಅರ್ಧ ಅನುಮಾನಕ್ಕೆ ತಿರುಗಿಸುವಂಥದ್ದು. ಉಳಿದಿದ್ದು "ಬರುವುದಿಲ್ಲ", ಅದೂ ಗಾಡಿ ಹತ್ತಿ ಬರುವುದು. ನಡೆದು ಬರುವುದಕ್ಕೆ ಅವರಲ್ಲಿ ಬೇರೆ ಶಬ್ದವಿದೆ. ನೀನು ಮಾಡಿದ್ದೇನೆಂದರೆ ಅದನ್ನು ಮನಸ್ಸಿನೊಳಗೆ ಇಂಗ್ಲಿಷಿಗೆ ತಿರುಗಿಸಿದೆ: ಐ ಡೋಂಟ್ ಥಿಂಕ್ ಹೀ ವಿಲ್ ಕಮ್. ಇಂಗ್ಲಿಷಿನವರು "ಇಲ್ಲ"ವನ್ನು ಬರುವುದರಿಂದ ಕಿತ್ತು ಥಿಂಕ್‌ಗೆ ಅಂಟಿಸುತ್ತಾರೆ. ಅದು ಅವರ ಜಾಯಮಾನ. ಹಾಗೆ ಮಾಡಿದರೂ ಅವರ ಕಿವಿಗೆ ಅರ್ಥ ಕೆಡುವುದಿಲ್ಲ. ನೀನು ಆ ಇಂಗ್ಲಿಷ್ ವಾಕ್ಯವನ್ನು ಬಿಡಿಬಿಡಿಯಾಗಿ ಕನ್ನಡಕ್ಕೆ ಇಳಿಸಿದೆ. ಎರಡು ಸಲ ದೋಣಿ ಬದಲಿಸಿ ದಡ ಸೇರುವಷ್ಟರಲ್ಲಿ ಮುದುಕಿಯೇ ನೀರಿಗೆ ಬಿದ್ದಿದ್ದಳು.

ನಮ್ಮಲ್ಲಿ ಅವಳ ಮಾತಿಗೆ ಒಂದೇ ಪದ ಸಾಕು: "ಬರಲಿಕ್ಕಿಲ್ಲ."

ಕನ್ನಡದ ಈ ಐಶ್ವರ್ಯದ ಬಗ್ಗೆ ನನಗೆ ಎಷ್ಟು ಹೇಳಿದರೂ ಸಾಲದು. ಬರ್ತಾನೆ, ಬಂದಾನು, ಬರಬಹುದು, ಬಂದಿರಬೇಕು, ಬರಲಿಕ್ಕಿಲ್ಲ, ಬರಲಾರ. ಯಾರಿಗೆ ಎಷ್ಟು ಖಾತ್ರಿ ಎಂಬ ಲೆಕ್ಕವೆಲ್ಲ ಕ್ರಿಯಾಪದದ ಬಾಲದಲ್ಲೇ ಇದೆ. "ಬಂದಾನು" ಎಂಬ ರೂಪ ನಿನ್ನ ಹಸ್ತಪ್ರತಿಯಲ್ಲಿ ಒಂದು ಸಲವೂ ಇಲ್ಲ, ನಾನು ಹುಡುಕಿದೆ. ನಿನ್ನ ಅಜ್ಜಿ ದಿನಕ್ಕೆ ಹತ್ತು ಸಲ ಅಂದಿರುತ್ತಾಳೆ. ಇನ್ನು "ಬರ್ತಾನಂತೆ" ಎಂಬುದನ್ನು ನೋಡು. ನಾನು ಕಂಡದ್ದಲ್ಲ, ಯಾರೋ ಹೇಳಿದ್ದು, ಸುಳ್ಳಾದರೆ ಹೊಣೆ ನನ್ನದಲ್ಲ: ಇಷ್ಟೆಲ್ಲ ಆ "ಅಂತೆ"ಯಲ್ಲಿದೆ. ಪೋಲಿಷ್‌ನವರಿಗೂ ಇದಕ್ಕೆ ಪೊದೊಬ್ನೊ ಎಂಬ ಪದವಿದೆ. ನಿನ್ನ ಮೂರನೇ ಕಥೆಯಲ್ಲಿ ಟ್ರಾಮ್ ಡ್ರೈವರ್ ಪೊದೊಬ್ನೊ ಅಂದದ್ದನ್ನು "ವರದಿಗಳ ಪ್ರಕಾರ" ಎಂದು ಬರೆದಿದ್ದೀಯ. ಅವನೇನು ಸುದ್ದಿ ಓದುತ್ತಿದ್ದನೇ?

ನೀನು ಪೋಲಿಷ್ ಕಲಿತಿದ್ದೀಯ, ನನಗಿಂತ ಚೆನ್ನಾಗಿ ಬರುತ್ತದೆ. ನಾನು ಐವತ್ತು ದಾಟಿದ ಮೇಲೆ, ಬೆಂಗಳೂರಿನಲ್ಲಿದ್ದ ಒಬ್ಬ ಪೋಲಿಷ್ ಹೆಂಗಸಿನ ಹತ್ತಿರ ಆರು ತಿಂಗಳು ಕಲಿತವನು, ಉಳಿದದ್ದು ನಿಘಂಟಿನಿಂದ. ಆದರೂ ಹೇಳುತ್ತೇನೆ, ಅವರ ಮಿಶ್ಲೆಚ್ ಎಂಬ ಕ್ರಿಯಾಪದದ ಜೊತೆ ಒಂದು ವಾರ ಕೂತು ನೋಡು. ಮುಂದೆ ಒಂದೊಂದು ಉಪಸರ್ಗ ಹತ್ತಿದ ಹಾಗೆ ಅದು ಬೇರೆಯೇ ಮನುಷ್ಯನಾಗುತ್ತದೆ. ಪೊಮಿಶ್ಲೆಚ್ ಅಂದರೆ ಒಂದು ಯೋಚನೆ ಬಂದುಹೋಗುವುದು. ಜಾಮಿಶ್ಲಿಚ್ ಶ್ಯೆ ಅಂದರೆ ಕರೆದರೂ ಕೇಳಿಸದಷ್ಟು ಯೋಚನೆಯಲ್ಲಿ ಮುಳುಗುವುದು. ದೊಮಿಶ್ಲಾಚ್ ಶ್ಯೆ ಅಂದರೆ ಯಾರೂ ಹೇಳದೆಯೇ ಊಹಿಸಿಕೊಳ್ಳುವುದು. ರೊಜ್ಮಿಶ್ಲಿಚ್ ಶ್ಯೆ ಅಂದರೆ ಮನಸ್ಸು ಬದಲಾಯಿಸುವುದು. ವಿಮಿಶ್ಲಿಚ್ ಅಂದರೆ ಹೊಸದನ್ನು ಕಂಡುಕೊಳ್ಳುವುದು, ಜ್ಮಿಶ್ಲಿಚ್ ಅಂದರೆ ಇಲ್ಲದ್ದನ್ನು ಕಟ್ಟಿ ಹೇಳುವುದು. ಕಡೆಯ ಎರಡರ ನಡುವಿನ ಗೆರೆ ಎಷ್ಟು ಸಣ್ಣದು ನೋಡು. ಕಥೆ ಬರೆಯುವವನು ಜೀವನವಿಡೀ ಆ ಗೆರೆಯ ಮೇಲೇ ನಿಂತಿರುತ್ತಾನೆ. ನಿನ್ನ ಕಥೆಗಳಲ್ಲಿ ಇವರೆಲ್ಲ "ಯೋಚಿಸಿದಳು", "ಯೋಚಿಸಿದನು" ಅಷ್ಟೇ. ನಮ್ಮಲ್ಲಿ ಹೊಳೆಯುವುದಿದೆ, ಎಣಿಸುವುದಿದೆ, ನೆನೆಯುವುದಿದೆ, ಲೆಕ್ಕ ಹಾಕುವುದಿದೆ, ಅಂದುಕೊಳ್ಳುವುದಿದೆ. "ಅಂದುಕೊಂಡ" ಅಂದರೆ ತನಗೆ ತಾನೇ ಹೇಳಿಕೊಂಡ. ಯೋಚನೆ ಒಳಗಿನ ಮಾತು ಎಂಬುದನ್ನು ನಮ್ಮ ಹಿರಿಯರು ಒಂದು ಕ್ರಿಯಾಪದದಲ್ಲಿ ಇಟ್ಟುಹೋಗಿದ್ದಾರೆ.

ಇಂಗ್ಲಿಷನ್ನು ಬೈಯುತ್ತಿದ್ದೇನೆ ಎಂದು ತಿಳಿಯಬೇಡ. ಮೂವತ್ತೆರಡು ವರ್ಷ ಅದನ್ನೇ ಪಾಠ ಮಾಡಿ ಉಂಡವನು ನಾನು. ಹಳೆಯ ಇಂಗ್ಲಿಷಿನಲ್ಲಿ ಎರಡು ಬೇರೆ ಕ್ರಿಯಾಪದಗಳಿದ್ದವು: ಒಂದು ಯೋಚಿಸುವುದಕ್ಕೆ, ಇನ್ನೊಂದು ಅನಿಸುವುದಕ್ಕೆ. ಎರಡನೆಯದು "ನನಗೆ" ಎಂಬ ರೂಪದ ಜೊತೆ ಬರುತ್ತಿತ್ತು, ಥೇಟ್ ನಮ್ಮ "ನನಗನಿಸುತ್ತದೆ"ಯ ಹಾಗೆ, ಪೋಲಿಷ್‌ನ "ವಿದಾಯೆ ಮಿ ಶ್ಯೆ"ಯ ಹಾಗೆ. ಕಾಲ ಸರಿದಂತೆ ಎರಡರ ಉಚ್ಚಾರವೂ ಒಂದಾಗಿ, ಅನಿಸುವುದು ಯೋಚಿಸುವುದರೊಳಗೆ ಕರಗಿತು. ಷೇಕ್ಸ್‌ಪಿಯರ್‌ನ ನಾಟಕಗಳಲ್ಲಿ ಬರುವ "ಮೀಥಿಂಕ್ಸ್" ಅದರ ಅವಶೇಷ. ಹಾಗಾಗಿ ಇವತ್ತಿನ ಐ ಥಿಂಕ್‌ನೊಳಗೆ ಎರಡು ಜೀವಗಳಿವೆ, ಯಾವುದು ಮಾತಾಡುತ್ತಿದೆ ಎಂದು ನೀನೇ ಕೇಳಿ ತಿಳಿಯಬೇಕು.

ವಾರ್ಸಾದಲ್ಲಿ 1938ರಲ್ಲಿ ಹುಟ್ಟಿ ಆಮೇಲೆ ಆಸ್ಟ್ರೇಲಿಯಾದಲ್ಲಿ ನೆಲೆಸಿದ ಆನ್ನಾ ವ್ಯೆಝ್ಬಿತ್ಸ್ಕಾ ಎಂಬ ಭಾಷಾಶಾಸ್ತ್ರಜ್ಞೆಯನ್ನು ಓದು. ಎಲ್ಲ ಭಾಷೆಗಳಲ್ಲೂ ಸಿಗುವ ಮೂಲ ಅರ್ಥಗಳು ಸುಮಾರು 65 ಇವೆ ಎನ್ನುವುದು ಅವರ ವಾದ. ಆ ಪಟ್ಟಿಯಲ್ಲಿ ಥಿಂಕ್ ಇದೆ, ಬಿಲೀವ್ ಇಲ್ಲ. ಐ ಥಿಂಕ್, ಐ ಗೆಸ್, ಐ ಸಪೋಸ್, ಐ ಬಿಲೀವ್ ಎಂಬ ಇಂಗ್ಲಿಷಿನ ಸಾಲುಸಾಲು ತಡೆಮಾತುಗಳ ಬಗ್ಗೆ ಅವರು ಬರೆದದ್ದನ್ನು ಓದಿದಾಗ, ಎರಡು ಭಾಷೆಗಳ ನಡುವೆ ಬದುಕಿದವರಿಗೇ ಇದು ಕಾಣುವುದು ಅನ್ನಿಸಿತ್ತು. ನೀನೂ ಈಗ ಆ ಜಾಗದಲ್ಲಿದ್ದೀಯ, ಮೂರು ಭಾಷೆಗಳ ನಡುವೆ.

ಈಗ ನನ್ನ ತಪ್ಪಿನ ವಿಷಯ. ಇದನ್ನು ಬರೆದು ಹೇಳುತ್ತಿರುವುದು ಇದೇ ಮೊದಲು.

ಎಂಬತ್ತರ ದಶಕದಲ್ಲಿ, ಪೋಲಿಷ್‌ನ ಒಂದಕ್ಷರವೂ ಗೊತ್ತಿಲ್ಲದಾಗ, ಇಂಗ್ಲಿಷ್ ಮೂಲಕ ಒಂದು ಪೋಲಿಷ್ ಕವಿತೆಯನ್ನು ಕನ್ನಡಕ್ಕೆ ತಂದೆ. ಇಂಗ್ಲಿಷಿನಲ್ಲಿ ಮೂರು ಕಡೆ ಐ ಬಿಲೀವ್ ಎಂದಿತ್ತು. ಮೂರು ಕಡೆಯೂ "ನಂಬುತ್ತೇನೆ" ಎಂದು ಬರೆದೆ. ಒಂದು ವಾರಪತ್ರಿಕೆಯ ವಿಶೇಷಾಂಕದಲ್ಲಿ ಬಂತು. ಎಲ್ಲರೂ ಹೊಗಳಿದರು, ಎಂಥ ಶ್ರದ್ಧೆಯ ಕವಿತೆ ಅಂದರು. ಹಾವೇರಿ ಕಡೆಯ ಒಬ್ಬ ತಾಯಿ ಅಂಚೆ ಕಾರ್ಡು ಬರೆದರು. ಅವರ ಮಗ ತೀರಿಕೊಂಡಿದ್ದನಂತೆ, ಆ ಪುಟ ಕತ್ತರಿಸಿ ದೇವರ ಜಗಲಿಯ ಮೇಲಿಟ್ಟುಕೊಂಡಿದ್ದರಂತೆ. ಆ ಕಾರ್ಡನ್ನು ನಾನು ಬಂದವರಿಗೆಲ್ಲ ತೋರಿಸಿದೆ.

ಹನ್ನೆರಡು ವರ್ಷದ ನಂತರ ಬೆಂಗಳೂರಿನ ಆ ಹೆಂಗಸು ಮೂಲವನ್ನು ಓದಿ ಹೇಳಿದರು. ಅಲ್ಲಿದ್ದದ್ದು ಸೊಂಜೆ, ಅಂದರೆ ಸೊಂಜಿಚ್ ಎಂಬ ಕ್ರಿಯಾಪದ. ನ್ಯಾಯಾಲಯದಲ್ಲಿ ವಿಚಾರಣೆ ಮಾಡುವುದಕ್ಕೂ ಅವರಲ್ಲಿ ಅದೇ ಶಬ್ದ. ಎರಡೂ ಕಡೆಯ ಸಾಕ್ಷಿ ಕೇಳಿದವನು ಒಂದು ತೀರ್ಮಾನಕ್ಕೆ ಬರುವ ಒಣ ಮಾತು ಅದು. ನಂಬುವುದಕ್ಕೆ ಅವರ ಪದ ವ್ಯೆಝಿಚ್, ಅದು ಇಡೀ ಕವಿತೆಯಲ್ಲಿ ಎಲ್ಲೂ ಇರಲಿಲ್ಲ. ಇಂಗ್ಲಿಷ್ ಅನುವಾದಕರ ತಪ್ಪೂ ಇಲ್ಲ. ಅಂಗಡಿ ಐದು ಗಂಟೆಗೆ ಮುಚ್ಚುತ್ತದೆ ಎನ್ನುವುದಕ್ಕೂ ಇಂಗ್ಲಿಷಿನವರು ಐ ಬಿಲೀವ್ ಅನ್ನುತ್ತಾರೆ. ಹುಟ್ಟಿನಲ್ಲಿ ಪ್ರೀತಿಯ ಬೇರಿಗೆ ಸೇರಿದ ಶಬ್ದ ಬಳಸಿ ಬಳಸಿ ಸವೆದುಹೋಗಿದೆ. ನಮ್ಮ "ನಂಬು" ಸವೆದಿಲ್ಲ. ನಂಬಿಗಸ್ಥ, ನಂಬಿಕೆದ್ರೋಹ, ನಂಬಿಕೆಯ ಮೇಲೆ ಕಿರಾಣಿ ಅಂಗಡಿಯ ಉದ್ರಿ: ಇವತ್ತಿಗೂ ಅದನ್ನು ಎತ್ತಲು ಎರಡು ಕೈ ಬೇಕು. ಪೋಲಿಷ್‌ನಲ್ಲೂ ಹಾಗೆಯೇ. ಸಾಲ ಕೊಟ್ಟವನಿಗೆ ಅವರು ವ್ಯೆಝಿಚೆಲ್ ಅನ್ನುತ್ತಾರೆ, ನಂಬಿದವನು ಎಂದು. ಆ ಕವಿ ಎಲ್ಲೂ ಪಡೆಯದ ಸಾಲವನ್ನು ನಾನು ಅವರ ಹೆಸರಿನಲ್ಲಿ ಎತ್ತಿದ್ದೆ.

ತಪ್ಪು ಎಲ್ಲರಿಂದಲೂ ಆಗುತ್ತದೆ. ನನ್ನನ್ನು ಇವತ್ತಿಗೂ ಕಾಡುವುದು ಅದರ ನಂತರದ್ದು. ಆ ಕವಿತೆ ಸಂಕಲನದಲ್ಲಿ ಮರುಮುದ್ರಣವಾದಾಗ ಕರಡು ತಿದ್ದಲು ನನ್ನ ಮೇಜಿಗೇ ಬಂತು. ಕೆಂಪು ಪೆನ್ನು ಕೈಯಲ್ಲಿತ್ತು. "ನಂಬುತ್ತೇನೆ" ಎಂಬಲ್ಲಿ "ನನ್ನ ತೀರ್ಮಾನ" ಎಂದು ಮೂರು ಕಡೆ ಬರೆಯುವುದಷ್ಟೇ ಕೆಲಸ. ಬರೆಯಲಿಲ್ಲ. ಆ ತಾಯಿಯ ಜಗಲಿ ನೆನಪಾಯಿತು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ನೆನಪಾದದ್ದು ಹೊಗಳಿಕೆ. ಆ ಮೂರು ಶಬ್ದ ಇವತ್ತಿಗೂ ಅಚ್ಚಿನಲ್ಲಿ ಹಾಗೇ ಇವೆ. ಯಾರಾದರೂ ಸಭೆಯಲ್ಲಿ ಅದನ್ನು ಓದಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ಅದು ಹಳೆಯ ಸಿಟ್ಟು. ನನ್ನ ಮೊದಲ ಕಥೆಗಳಲ್ಲಿ "ಅನಿಸುತ್ತದೆ" ಇದ್ದಲ್ಲೆಲ್ಲ ಒಬ್ಬ ಸಂಪಾದಕರು ಗೆರೆ ಎಳೆದಿದ್ದರು. ಪುಕ್ಕಲು ಭಾಷೆ, ಗಟ್ಟಿಯಾಗಿ ಬರೀರಿ ಅಂದರು. ನಾನು ಇಪ್ಪತ್ನಾಲ್ಕರ ಹುಡುಗ, ತಿದ್ದಿದೆ. ಅಪ್ಪನ ಮೇಲೆ ಸಂಶಯವಿದ್ದ ಮಗ ಅಚ್ಚಿನಲ್ಲಿ ಅಪ್ಪನ ಮೇಲೆ ತೀರ್ಪು ಕೊಡುವ ಮಗನಾಗಿಬಿಟ್ಟ. ನನ್ನ ಅಪ್ಪ ಆ ಕಥೆ ಓದಿದರು, ಏನೂ ಅನ್ನಲಿಲ್ಲ. ಖಾತ್ರಿಯಿಲ್ಲದ ಕಡೆ ಖಾತ್ರಿ ತೋರಿಸಿ ಎಂದು ನಿನಗೂ ಯಾರಾದರೂ ಹೇಳುತ್ತಾರೆ. ಕೇಳಬೇಡ. ನಿನ್ನ ಪಾತ್ರಕ್ಕೆ ಎಷ್ಟು ಗೊತ್ತೋ ಅಷ್ಟೇ ಅದರ ಕ್ರಿಯಾಪದ ಹೇಳಲಿ. 1996ರ ನೊಬೆಲ್ ಉಪನ್ಯಾಸದಲ್ಲಿ ನಿನ್ನ ಆ ದೇಶದ ಕವಯಿತ್ರಿ ಶಿಂಬೊರ್ಸ್ಕಾ "ನ್ಯೆ ವ್ಯೆಮ್", ಅಂದರೆ ನನಗೆ ಗೊತ್ತಿಲ್ಲ, ಎಂಬ ಪುಟ್ಟ ಮಾತನ್ನು ಎಷ್ಟು ಎತ್ತರದಲ್ಲಿಟ್ಟರು ಎಂದು ನೀನು ಓದಿಯೇ ಇರುತ್ತೀಯ.

ಹಾಂ, ಕಾಗದದ ಕೊನೆಗೆ ಕವಿತೆಗೆ ಪೋಲಿಷ್‌ನಲ್ಲಿ ವ್ಯೆರ್ಶ್ ಎನ್ನುತ್ತಾರೆ, ಅದು ನಂಬಿಕೆಯಿಂದ ಬಂದ ಶಬ್ದ ಎಂದು ಸಂಭ್ರಮದಿಂದ ಬರೆದಿದ್ದೀಯ. ಅಲ್ಲಪ್ಪಾ. ಅದು ಲ್ಯಾಟಿನ್ನಿನಿಂದ ಜರ್ಮನ್ ಹಾದು ಬಂದದ್ದು, ಇಂಗ್ಲಿಷಿನ ವರ್ಸ್‌ಗೆ ಅಣ್ಣತಮ್ಮ. ಚೆಂದ ಕಂಡದ್ದೆಲ್ಲ ನಿಜವಲ್ಲ, ಹೊಡೆದುಹಾಕು.

ಹಸ್ತಪ್ರತಿಯನ್ನು ವಾಪಸ್ ಕಳಿಸುತ್ತಿದ್ದೇನೆ. ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿದ್ದೇನೆ, ತಿದ್ದಿಲ್ಲ. ತಿದ್ದಿದ್ದು ಒಂದೇ ಕಡೆ, "ಬರಲಿಕ್ಕಿಲ್ಲ" ಎಂದು.

ಖಾಲಿ ತಟ್ಟೆಯ ಕಥೆಯ ಕೊನೆಯ ಪುಟದಲ್ಲಿ ಇನ್ನೊಂದು ಜಾಗವಿದೆ. ಊಟ ಮುಗಿದು ಆ ತಟ್ಟೆ ಎತ್ತಿಡುವಾಗ ಮುದುಕಿ ಏನೋ ಗೊಣಗಿದಳು, ನನಗೆ ಸರಿಯಾಗಿ ಕೇಳಿಸಲಿಲ್ಲ ಎಂದು ಬರೆದು ಕಥೆ ಮುಗಿಸಿದ್ದೀಯ. ಅದೇ ಅಡುಗೆಮನೆಯಲ್ಲಿ, ಅವಳಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ ನೀನು. ಕೇಳಿಸಿರಬೇಕು. ಅವಳು ಏನೆಂದಳೋ ಅದನ್ನು ಪೋಲಿಷ್‌ನಲ್ಲೇ ಒಂದು ಕಾರ್ಡಿನ ಮೇಲೆ ಬರೆದು ನನಗೆ ಕಳಿಸು. ಇಂಗ್ಲಿಷಿಗೆ ತಿರುಗಿಸಬೇಡ. ಕಾಯುತ್ತಿರುತ್ತೇನೆ.

ನಿನ್ನ
ಕಾಕಾ
ಧಾರವಾಡ