ಐದು ಸೆಂಟಿನ ಅಂಗಳದಲ್ಲಿ ನಾಲ್ಕು ಹೇಂಟೆ

ಮಾನ್ಯರೇ,

ಕಾಸರಗೋಡು ಪೇಟೆಯ ಐದು ಸೆಂಟ್ ಜಾಗದಲ್ಲೂ ನಾಲ್ಕು ಹೇಂಟೆಗಳನ್ನು ಚೆನ್ನಾಗಿ ಸಾಕಬಹುದು. ಮೊಟ್ಟೆಗೆ ಹುಂಜ ಬೇಡ, ಹಾಗಾಗಿ ನಸುಕಿನ ಕೂಗಿನ ತಕರಾರೂ ಇಲ್ಲ.

ಕೆಡುವುದೆಲ್ಲ ಮಳೆಗಾಲದಲ್ಲಿ. ಗೂಡಿನ ನೆಲವನ್ನು ಮುರಕಲ್ಲಿನಿಂದ ಒಂದಡಿ ಎತ್ತರಿಸಿ, ಕೋಳಿಗೆ ತಲಾ 4 ಚದರಡಿ ಬಿಡಿ. ಮಾಡು ಎರಡಡಿಯಾದರೂ ಹೊರಚಾಚಿರಲಿ, ಇಲ್ಲದಿದ್ದರೆ ಇರಚಲು ನೀರು ಒಳಗೇ ಬೀಳುತ್ತದೆ. ನೆಲಕ್ಕೆ 3–4 ಇಂಚು ಒಣ ಉಮಿ ಹರಡಿ, ದಿನ ಬಿಟ್ಟು ದಿನ ಕೆದಕಬೇಕು. ಮುಷ್ಟಿಯಲ್ಲಿ ಹಿಂಡಿದಾಗ ಉಂಡೆಯಾದರೆ ಆ ಭಾಗ ತೆಗೆದು ಹೊಸತು ಹಾಕಿ. ಒದ್ದೆ ಹಾಸಿನಿಂದಲೇ ಅಮೋನಿಯ ಏಳುವುದು, ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಪರೋಪಜೀವಿ ಬಲಿಯುವುದು. ನೆರೆಮನೆಗೆ ಹೊಡೆಯುವ ವಾಸನೆ ಕೋಳಿಯದ್ದಲ್ಲ, ತೇವದ್ದು.

ತೆಳು ಕೋಳಿಬಲೆ ಕೀರಿ, ಹೆಗ್ಗಣಗಳಿಗೆ ತಡೆಯಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸೆದ ತಂತಿಜಾಲರಿ) ಹಾಕಿ, ಬುಡವನ್ನು ಒಂದಡಿ ಮಣ್ಣಿಗಿಳಿಸಿ.

ಹೇಂಟೆಯೊಂದಕ್ಕೆ ದಿನಕ್ಕೆ 110–120 ಗ್ರಾಂ ಲೇಯರ್ (ಮೊಟ್ಟೆಕೋಳಿ) ಆಹಾರ ಬೇಕು. ಬರೀ ಅನ್ನ ಹಾಕಿದರೆ ಮೊಟ್ಟೆ ಕಡಿಮೆಯಾಗುತ್ತದೆ. ಮೊಟ್ಟೆಯ ಚಿಪ್ಪು ತೆಳುವಾದರೆ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪನ್ನು ಜಜ್ಜಿ ಬೇರೆ ಬಟ್ಟಲಲ್ಲಿಡಿ, ಬೇಕಾದಷ್ಟನ್ನು ಅವೇ ಹೆಕ್ಕಿಕೊಳ್ಳುತ್ತವೆ.

ನಿಜವಾದ ತೊಡಕು ಕೋಳಿಗಳಿಗೆ ಬರುವ ಕೊಕ್ಕರೆ ರೋಗದ (ರಾಣಿಕೇತ್) ಲಸಿಕೆ. ರೋಗ ತಗಲಿದ ಮೇಲೆ ಮದ್ದಿಲ್ಲ. ಆದರೆ ಲಸಿಕೆಯ ಬಾಟಲಿ ಸಾಮಾನ್ಯವಾಗಿ 100 ಕೋಳಿಗೋ ಅದಕ್ಕೂ ಹೆಚ್ಚಿಗೋ ಆಗುವಂಥದ್ದು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ನಾಲ್ಕು ಕೋಳಿಯವರು ಏನು ಮಾಡಬೇಕು? ಮಳೆಗೆ ಮುನ್ನ, ಮೇ ತಿಂಗಳಲ್ಲಿ, ವಾರ್ಡಿಗೊಂದು ದಿನ ಗೊತ್ತುಮಾಡಿ ಎಲ್ಲರ ಕೋಳಿಗಳಿಗೂ ಒಟ್ಟಿಗೆ ಲಸಿಕೆ ಹಾಕುವ ಏರ್ಪಾಡನ್ನು ಮೃಗಸಂರಕ್ಷಣಾ (ಪಶುಸಂಗೋಪನಾ) ಇಲಾಖೆ ಮಾಡಬೇಕೆಂದು ವಿನಂತಿ.

— ಓರ್ವ ಓದುಗ, ಕಾಸರಗೋಡು