ಹೋರಿಯ ಬೆಲೆ ಗೊತ್ತು, ತಾಯಿ ಯಾವುದು?

ಮಾನ್ಯ ಸಂಪಾದಕರೇ,

ಶಿವರಾತ್ರಿ ಹತ್ತಿರವಾದರೆ ಸಿದ್ಧಗಂಗೆ ದನದ ಜಾತ್ರೆಯ ಸುದ್ದಿ ಪತ್ರಿಕೆಗಳಲ್ಲಿ ಬಂದೇ ಬರುತ್ತದೆ. ಹಾರ ಹಾಕಿದ ಹಳ್ಳಿಕಾರ್ ಹೋರಿ, ಪಕ್ಕದಲ್ಲಿ ಮೀಸೆ ತಿರುವಿದ ಮಾಲೀಕರು, ಕೆಳಗೆ ಇಷ್ಟು ಲಕ್ಷ ಎಂದು ಬೆಲೆ. ಓದಲು ನಮಗೂ ಖುಷಿಯೇ. ಗುಬ್ಬಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಅತ್ತೆಯ ಕಾಲದಿಂದಲೂ ಹಳ್ಳಿಕಾರ್ ಹಸುಗಳಿವೆ. ಆದರೆ ಒಂದು ವಿಷಯ ಮಾತ್ರ ಆ ಸುದ್ದಿಯಲ್ಲಿ ಯಾವತ್ತೂ ಇರುವುದಿಲ್ಲ. ಆ ಹೋರಿ ಯಾವ ಹಸುವಿನ ಹೊಟ್ಟೆಯಲ್ಲಿ ಹುಟ್ಟಿದ್ದು?

ಜಾತ್ರೆಯಲ್ಲಿ ಒಮ್ಮೆ ನಾನೇ ಕೇಳಿದೆ. “ತಾಯಿ ಕಟ್ಕೊಂಡು ಏನ್ ಮಾಡ್ತೀರಮ್ಮ, ಕೊಂಬು ನೋಡಿ” ಅಂದರು. ಕೊಂಬು ಚೆನ್ನಾಗೇ ಇತ್ತು, ಸುಳ್ಳು ಹೇಳಬಾರದು. ನೆತ್ತಿಯ ಮೇಲೆ ಹತ್ತಿರ ಹತ್ತಿರ ಹುಟ್ಟಿ, ಹಿಂದಕ್ಕೆ ವಾಲಿ, ತುದಿ ಮತ್ತೆ ಮುಂದಕ್ಕೆ ಬಾಗಿತ್ತು. ಕೊಳ್ಳುವವರು ಸುಳಿ ನೋಡಿದರು, ಬಾಯಿ ಬಿಡಿಸಿ ಹಲ್ಲು ಎಣಿಸಿದರು. ಹಿಂದೆ ಬಗ್ಗಿ ಬೀಜ ನೋಡಿದವರು ಒಬ್ಬರೂ ಇಲ್ಲ. ಬೀಜದ ಹೋರಿ ಕೊಳ್ಳಲು ಬಂದವರಿಗೆ ಅದಕ್ಕೇನು ನಾಚಿಕೆ? ಎರಡೂ ಸಮ ಇವೆಯಾ, ಮುಟ್ಟಿದರೆ ಗಂಟಿಲ್ಲದೆ ಬಿಗಿಯಾಗಿವೆಯಾ, ಹಿಂಗಾಲು ನೆಟ್ಟಗೆ ಊರಿ ನಡೆಯುತ್ತದಾ, ಇದನ್ನೆಲ್ಲ ಮೊದಲು ನೋಡಬೇಕು. ಹೋರಿಯಲ್ಲಿ ವೀರ್ಯ ತಯಾರಾಗಲು ಸುಮಾರು 60 ದಿನ ಬೇಕು. ಇವತ್ತು ಜ್ವರ ಬಂದು ಹೋದರೆ ಅದರ ಪೆಟ್ಟು ಆಮೇಲಿನ ಒಂದೆರಡು ತಿಂಗಳು ಕಾಣುತ್ತದೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಮೈಮೇಲಿನ ಗಂಟು ಮಾಯ್ದರೆ ಸಾಕು ಅಂದುಕೊಂಡರು ಬಹಳ ಜನ. ಆ ರೋಗ ಹೋರಿಯನ್ನು ಸ್ವಲ್ಪ ಕಾಲ, ಕೆಲವೊಮ್ಮೆ ಕಾಯಂ ಆಗಿಯೇ ಬರಡು ಮಾಡಬಲ್ಲದು.

ಇದಕ್ಕಿಂತ ದೊಡ್ಡ ವಿಷಯ ರಕ್ತಸಂಬಂಧದ್ದು. ಒಂದು ಹೋರಿ ಹೆಸರು ಮಾಡಿತು ಅಂದರೆ ಇಡೀ ಹೋಬಳಿಯ ಹಸುಗಳೆಲ್ಲ ಅದೇ ಮನೆ ಬಾಗಿಲಿಗೆ. ಮೂರ್ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅದರ ಮಗಳೇ ಕಡಸಾಗಿ, ಬೆದೆಗೆ ಬಂದು, ಅದೇ ಹೋರಿಯ ಮುಂದೆ ನಿಂತಿರುತ್ತಾಳೆ. ಮನೆ ಮಕ್ಕಳ ಮದುವೆಗೆ ಬೆಡಗು, ಗೋತ್ರ ಕೇಳದೆ ಮುಂದಕ್ಕೆ ಹೆಜ್ಜೆ ಇಡದ ನಾವು ಇಲ್ಲಿ ಏನೂ ಕೇಳುವುದಿಲ್ಲ. ತಂದೆಗೂ ಮಗಳಿಗೂ ಹುಟ್ಟಿದ ಕರುವಿನಲ್ಲಿ ಎರಡೂ ಕಡೆಯಿಂದ ಒಂದೇ ವಂಶವಾಹಿ ಬಂದು ಸೇರುವ ಸಾಧ್ಯತೆ ಶೇ 25. ತಂದೆ ಒಂದೇ, ತಾಯಿ ಬೇರೆ ಇರುವ ಅಣ್ಣ ತಂಗಿಗೆ ಹುಟ್ಟಿದರೆ ಶೇ 12.5. ಆಗ ಒಳಗೆ ಅಡಗಿದ್ದ ದೋಷಗಳೆಲ್ಲ ಹೊರಗೆ ಬರುತ್ತವೆ. ಕರು ಬಡಕಲು, ಬೆಳವಣಿಗೆ ನಿಧಾನ, ಗಬ್ಬ ನಿಲ್ಲುವುದೂ ಕಷ್ಟ. “ಯಾರದೋ ದೃಷ್ಟಿ ಬಿತ್ತು” ಅಂತ ಕೊಟ್ಟಿಗೆಗೆ ನಿಂಬೆಹಣ್ಣು ಕಟ್ಟಿ ಸುಮ್ಮನಾಗುತ್ತಾರೆ.

ಹಿಂದೆ ದೇವರಿಗೆ ಬಸವ ಬಿಡುತ್ತಿದ್ದರು. ಊರಿನ ಒಳ್ಳೆಯ ಹಸುವಿನ ಗಟ್ಟಿಮುಟ್ಟಾದ ಕರುವನ್ನೇ ಆರಿಸುತ್ತಿದ್ದರು. ಅದು ಹುಟ್ಟಿದ್ದನ್ನು ಊರೇ ನೋಡಿರುತ್ತಿತ್ತು, ಹಾಗಾಗಿ ಪುಸ್ತಕ ಬೇಕಿರಲಿಲ್ಲ. ಈಗ ಹೋರಿ ಟೆಂಪೋದಲ್ಲಿ ಬರುತ್ತದೆ, ಇನ್ನೊಂದು ಟೆಂಪೋದಲ್ಲಿ ಹೋಗುತ್ತದೆ. ಬರೆದಿಡದೆ ಬೇರೆ ದಾರಿ ಇಲ್ಲ, ಅಲ್ವಾ?

ಬರೆದಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಹೊರದೇಶದ್ದೊಂದು ಉದಾಹರಣೆ ಇದೆ. ನಮ್ಮ ಗಿರ್, ಕಾಂಕ್ರೇಜ್, ಒಂಗೋಲ್ ದನಗಳ ರಕ್ತದಿಂದಲೇ ಅಮೆರಿಕದವರು ಬ್ರಾಹ್ಮನ್ ಎಂಬ ಮಾಂಸದ ತಳಿ ಮಾಡಿಕೊಂಡರು. 1924ರಲ್ಲೇ ಆ ತಳಿಗೊಂದು ಸಂಘ ಕಟ್ಟಿ, ವಂಶಾವಳಿ ಬರೆಯತೊಡಗಿದರು. ಅಲ್ಲಿ ಮಾಂಸದ ದನ ಸಾಕುವವರು ಕರು ಹುಟ್ಟಿದಾಗಿನ ತೂಕ, ಹಾಲು ಬಿಡಿಸುವ ಹೊತ್ತಿಗೆ 205 ದಿನಕ್ಕೆ ಲೆಕ್ಕ ಹಾಕಿದ ತೂಕ ಎರಡನ್ನೂ ಗುರುತು ಹಾಕಿಕೊಳ್ಳುತ್ತಾರೆ. ಚೊಚ್ಚಲ ಕಡಸಿಗೆ ಸಣ್ಣ ಕರು ಹುಟ್ಟಿಸುವ ಹೋರಿಯನ್ನೇ ಹುಡುಕುತ್ತಾರೆ, ಹೆರಿಗೆ ಸಲೀಸಾಗಲಿ ಅಂತ. ಅವರ ಉದ್ದೇಶ ಮಾಂಸ, ನಮ್ಮದು ಉಳುಮೆ, ಗಾಡಿ, ಮನೆಯ ಹಾಲು. ಅದು ಇರಲಿ. ಹೋರಿಯನ್ನು ಅದರ ಕರುಗಳಿಂದ ಅಳೆಯುವ ಬುದ್ಧಿ ಎಲ್ಲರಿಗೂ ಬೇಕಾದದ್ದೇ. ಇಲ್ಲಿ ಹಾಲಿನಾಸೆಗೆ ಸಣ್ಣ ಹಳ್ಳಿಕಾರ್ ಕಡಸಿಗೆ ಎಚ್‌ಎಫ್ ಎಂಬ ದೊಡ್ಡ ಮೈಯ ವಿದೇಶಿ ತಳಿಯ ವೀರ್ಯದ ಇಂಜೆಕ್ಷನ್ ಕೊಡಿಸಿ, ಹೆರಿಗೆ ಹೊತ್ತಿಗೆ ಕರು ಸಿಕ್ಕಿಹಾಕಿಕೊಂಡು, ನಡುರಾತ್ರಿ ಡಾಕ್ಟರಿಗೆ ಫೋನ್ ಮಾಡುವವರಿದ್ದಾರೆ.

ನಮ್ಮ ಜಿಲ್ಲೆಗೆ ಇದು ಹೊಸದೇನಲ್ಲ. ತುರುವೇಕೆರೆ ತಾಲ್ಲೂಕಿನ ಕುಣಿಕೇನಹಳ್ಳಿಯಲ್ಲಿ ಹಳ್ಳಿಕಾರ್ ತಳಿ ಬೆಳೆಸುವ ಕೇಂದ್ರ ಇದೆ, ತಿಪಟೂರಿನ ಕೊನೇಹಳ್ಳಿಯಲ್ಲಿ ಅಮೃತಮಹಲ್ ತಳಿಯ ಕೇಂದ್ರ ಇದೆ. 2000ದಲ್ಲಿ ಹಳ್ಳಿಕಾರ್ ಚಿತ್ರದ ಅಂಚೆಚೀಟಿಯೂ ಬಂತು. ಊರೂರಿನ ಬೀಜದ ಹೋರಿಗೆ ಮಾತ್ರ ಒಂದು ತುಂಡು ಚೀಟಿಯೂ ಇಲ್ಲ.

ನಾನು ಕೇಳುವುದು ಅಂಥ ಖರ್ಚಿನ ಕೆಲಸವೂ ಅಲ್ಲ. ದನಗಳ ಕಿವಿಗೆ 12 ಅಂಕಿಯ ಓಲೆ ಹಾಕುತ್ತಿದ್ದಾರೆ. ಹೋರಿ ಹಾರಿಸಿದ ದಿನ ಹೋರಿಯ ನಂಬರ್, ಹಸುವಿನ ನಂಬರ್, ತಾರೀಕು ಬರೆದು ಹೋರಿಯವರು ಒಂದು ಚೀಟಿ ಕೊಡಲಿ. ದುಡ್ಡು ತೆಗೆದುಕೊಳ್ಳುತ್ತಾರೆ ತಾನೇ? ಇಂಜೆಕ್ಷನ್ ಕೊಡಿಸುವವರಿಗೆ ಇನ್ನೂ ಸುಲಭ, ವೀರ್ಯದ ಕಡ್ಡಿಯ ಮೇಲೆಯೇ ಹೋರಿಯ ನಂಬರ್ ಅಚ್ಚಾಗಿರುತ್ತದೆ, ಕೇಳಿ ಬರೆದುಕೊಂಡರಾಯಿತು. ಇದನ್ನೆಲ್ಲ ಬರೆದಿಡುವ ಪುಸ್ತಕ ಮನೆಯ ಹೆಂಗಸರ ಕೈಯಲ್ಲಿದ್ದರೆ ಒಳ್ಳೆಯದು ಅಂತ ನನ್ನ ಅನಿಸಿಕೆ. ಹಸು ಬೆದೆಗೆ ಬಂದಿದ್ದು ಮನೆಯಲ್ಲಿ ಮೊದಲು ಗೊತ್ತಾಗುವುದು ನಮಗೇ.

ಜಾತ್ರೆಯಲ್ಲಿ ಬಹುಮಾನ ಕೊಡುವವರು ತಾಯಿ ತಂದೆಯ ಚೀಟಿ ಇರುವ ಹೋರಿಗೆ ಮಾತ್ರ ಕೊಡಲಿ. ಆ ಚೀಟಿಯ ಜೊತೆಗೆ ಬ್ರುಸೆಲ್ಲಾ, ಅಂದರೆ ಕಂದು ಹಾಕುವ ರೋಗದ ರಕ್ತ ಪರೀಕ್ಷೆಯ ವರದಿಯೂ ಇರಲಿ. ಈ ರೋಗದ ಲಸಿಕೆಯನ್ನು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ ಹಾಕುತ್ತಾರೆ, ಗಂಡು ಕರುವಿಗೆ ಹಾಕುವುದಿಲ್ಲ. ಹಾಗಾಗಿ ಹೋರಿಗೆ ಪರೀಕ್ಷೆಯೇ ಗತಿ. ಆ ರೋಗ ಮನುಷ್ಯರಿಗೂ ಹತ್ತುತ್ತದೆ. ಕಂದು ಹಾಕಿದ ಹಸುವಿನ ಮಾಸು ಎತ್ತಿ ಕೊಟ್ಟಿಗೆ ತೊಳೆಯುವುದು ಮೀಸೆ ತಿರುವಿದವರಲ್ಲ, ನಾವು. ಪಶು ಇಲಾಖೆಯವರು ಮುಂದಿನ ಜಾತ್ರೆಗೆ ಎರಡು ತಿಂಗಳು ಮೊದಲೇ ಊರೂರಿನ ಹೋರಿಗಳ ರಕ್ತ ತೆಗೆದುಕೊಂಡು ಹೋಗಲಿ.

– ಹಳ್ಳಿಕಾರ್ ಹಸು ಸಾಕಿರುವ ಗೃಹಿಣಿ, ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ