ಹಾಲಿನ ಡಬ್ಬದ ಮೇಲಿನ ಕಳ್ಳ

ಕಳೆದ ವರ್ಷ ಈಸ್ಟರ್ ರಜೆಯ ಒಂದು ಬೆಳಿಗ್ಗೆ ನನ್ನ ಮಗಳು ತಿಂಡಿಗೆ ಕುಳಿತವಳು ಹಾಲಿನ ಡಬ್ಬವನ್ನು ತಿರುಗಿಸಿ ತಿರುಗಿಸಿ ಓದುತ್ತಿದ್ದಳು. ಈಸ್ಟರ್ ಹತ್ತಿರವಾದಂತೆ ಇಲ್ಲಿ ನಾರ್ವೆಯಲ್ಲಿ ಹಾಲಿನ ಡಬ್ಬಗಳ ಮೇಲೆ ಪುಟ್ಟದೊಂದು ಪತ್ತೇದಾರಿ ಚಿತ್ರಕಥೆ ಅಚ್ಚಾಗಿ ಬರುವುದು ನಮ್ಮೆಲ್ಲರ ಮನೆಯ ಮಕ್ಕಳಿಗೂ ಗೊತ್ತು. ಕಳ್ಳ ಯಾರೆಂದು ಕಂಡುಹಿಡಿದ ಮೇಲೆ ಅವಲಕ್ಕಿಯ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು ಅವಳು ಕೇಳಿದಳು: "ಅಮ್ಮ, ಕನ್ನಡ ಪುಸ್ತಕದಲ್ಲಿ ಕಳ್ಳರೇ ಇರಲ್ವಾ?"

ಹಾಗೆ ಕೇಳಿದ್ದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಊರಿಗೆ ಹೋದಾಗಲೆಲ್ಲ ನಾನು ಸಾರಿನಪುಡಿ, ಚಟ್ನಿಪುಡಿಗಳ ನಡುವೆ ಜಾಗ ಮಾಡಿಕೊಂಡು ತಂದದ್ದು ಪಂಚತಂತ್ರ, ತೆನಾಲಿ ರಾಮಕೃಷ್ಣ ಮತ್ತು ರಾಮಾಯಣದ ಸಚಿತ್ರ ಪುಸ್ತಕಗಳನ್ನು ಮಾತ್ರ. ನಾರ್ವೇಜಿಯನ್ ಭಾಷೆಯಲ್ಲಿ ಮುನ್ನೂರು ಪುಟದ ರಹಸ್ಯ ಕಾದಂಬರಿಯನ್ನು ಎರಡು ದಿನದಲ್ಲಿ ಓದಿ ಮುಗಿಸುವ ಹನ್ನೊಂದು ವರ್ಷದ ಹುಡುಗಿಗೆ ಕನ್ನಡದಲ್ಲಿ ನಾನು ಇನ್ನೂ ಆರು ವರ್ಷದ ಮಗುವಿನ ಪುಸ್ತಕವನ್ನೇ ಕೊಡುತ್ತಿದ್ದೆ. ಆ ಸಂಜೆಯೇ ಒಂದು ನೋಟುಬುಕ್ಕು ತೆಗೆದು, ಮುಂದಿನ ಯುಗಾದಿಯೊಳಗೆ 24 ರೋಚಕ ಕಾದಂಬರಿಗಳನ್ನು ಓದಬೇಕು, ಅವುಗಳಲ್ಲಿ ಅರ್ಧದಷ್ಟಾದರೂ ಕನ್ನಡದವಾಗಿರಬೇಕು, ಓದಿದ ಪ್ರತಿಯೊಂದರ ಬಗ್ಗೆಯೂ ಒಂದು ಪುಟ ಬರೆದಿಡಬೇಕು ಎಂದು ಗೊತ್ತುಮಾಡಿಕೊಂಡೆ. ವಿಶ್ವಾವಸು ಸಂವತ್ಸರ ಮುಗಿಯಲು ಇನ್ನು ಕೆಲವೇ ದಿನಗಳು ಉಳಿದಿರುವಾಗ ನನ್ನ ಲೆಕ್ಕ 19ಕ್ಕೆ ನಿಂತಿದೆ. ಅವುಗಳಲ್ಲಿ ಕನ್ನಡದವು ಹತ್ತು. ನಮ್ಮ ಕನ್ನಡ ಕೂಟದ ಪತ್ರಿಕೆಯ ಈ ಸಲದ ಸಂಪಾದಕೀಯವನ್ನು ಆ ನೋಟುಬುಕ್ಕನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಇಲ್ಲಿನವರು 'ಪೋಸ್ಕೆಕ್ರಿಮ್' ಎಂದು ಕರೆಯುವ ಈಸ್ಟರ್ ಪತ್ತೇದಾರಿಯ ಹುಟ್ಟನ್ನು ತಿಳಿದಾಗಿನಿಂದ ನನಗೆ ಈ ದೇಶದ ಮೇಲೆ ಒಂದು ಹಿಡಿ ಪ್ರೀತಿ ಹೆಚ್ಚಾಗಿದೆ. 1923ರ ಮಾರ್ಚ್ ತಿಂಗಳಲ್ಲಿ ಆಫ್ಟನ್‌ಪೋಸ್ಟನ್ ಪತ್ರಿಕೆಯ ಮುಖಪುಟದಲ್ಲಿ, ಬರ್ಗನ್ನಿನ ರೈಲು ರಾತ್ರಿ ಲೂಟಿಯಾಯಿತೆಂದು ಸಾರುವ ದೊಡ್ಡ ಅಕ್ಷರದ ಸಾಲೊಂದು ಕಾಣಿಸಿಕೊಂಡಿತು. ಅನೇಕರು ಅದನ್ನು ನಿಜವಾದ ಸುದ್ದಿಯೆಂದೇ ನಂಬಿ ಗಾಬರಿಗೊಂಡರು. ಆದರೆ ಅದು ನೂರ್ದಾಲ್ ಗ್ರೀಗ್ ಮತ್ತು ನಿಲ್ಸ್ ಲೀ ಎಂಬ ಇಬ್ಬರು ತರುಣರು ಗುಪ್ತನಾಮದಲ್ಲಿ ಬರೆದ, ಗಿಲ್ಡೆಂಡಾಲ್ ಪ್ರಕಾಶನ ಹೊರತಂದ ಕಾದಂಬರಿಯ ಜಾಹೀರಾತಾಗಿತ್ತು. ಆ ಸಾಲೇ ಪುಸ್ತಕದ ಹೆಸರು. ಅಂದಿನಿಂದ ನೂರು ವರ್ಷ ಕಳೆದರೂ, ಬೆಟ್ಟದ ಮೇಲಿನ ಮರದ ಮನೆಗೆ ಕಿತ್ತಳೆ ಹಣ್ಣು ಮತ್ತು ಚಾಕೊಲೇಟಿನ ಜೊತೆಗೆ ಒಂದು ಕೊಲೆಯ ಕಥೆಯನ್ನೂ ಕಟ್ಟಿಕೊಂಡು ಹೋಗುವ ರೂಢಿ ನಿಂತಿಲ್ಲ. ಒಂದು ಇಡೀ ನಾಡು ಒಂದೇ ವಾರ ಒಂದೇ ಬಗೆಯ ಪುಸ್ತಕಗಳನ್ನು ಹಿಡಿದು ಕೂರುವುದು ಸಣ್ಣ ಸಂಗತಿಯಲ್ಲ.

ಓದಿದವುಗಳಲ್ಲಿ ಕೆಲವನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಯೂ ನೆಸ್ಬೋ 2007ರಲ್ಲಿ ಬರೆದ 'ಸ್ನೋಮಾನ್ನೆನ್' ಕಾದಂಬರಿಯನ್ನು ನವೆಂಬರಿನಲ್ಲಿ, ಕಿಟಕಿಯಾಚೆ ಮೊದಲ ಹಿಮ ಬೀಳುತ್ತಿರುವಾಗಲೇ ಓದಿದೆ. ಪತ್ತೇದಾರ ಹ್ಯಾರಿ ಹೂಲೆ ವಾಸವಿರುವ ಸೋಫೀಸ್ ಗಾತೆ ಓಸ್ಲೋದಲ್ಲಿ ನಾವೆಲ್ಲ ಓಡಾಡುವ ಬೀದಿ. ಅವನು ಹೋಗಿ ಕೂರುವ ಸ್ಕ್ರೋಡರ್ ಹೋಟೆಲು ಕೂಡ ಈ ಊರಿನಲ್ಲಿ ನಿಜವಾಗಿಯೂ ಇದೆ. ಮನೆಯ ಕಡೆಗೇ ಮುಖ ಮಾಡಿ ನಿಂತ ಹಿಮದ ಬೊಂಬೆಯೊಂದನ್ನು ಓದುಗರ ಎದೆ ನಡುಗುವಂತೆ ನಿಲ್ಲಿಸಿದ ಆ ಮೊದಲ ಅಧ್ಯಾಯಗಳ ಕೌಶಲ್ಯವನ್ನು ನಾನು ಮೆಚ್ಚುತ್ತೇನೆ. ಆದರೆ ಮುಂದೆ ಹೋಗುತ್ತ ಸತ್ತ ಹೆಂಗಸರ ದೇಹಗಳು ಓದುಗರನ್ನು ಬೆಚ್ಚಿಬೀಳಿಸುವ ಸಲಕರಣೆಗಳಾಗಿಬಿಡುತ್ತವೆ. ಹಾಗೆಂದೇ ನನ್ನ ಪುಟದಲ್ಲಿ ಬರೆದಿದ್ದೇನೆ. ಅದಕ್ಕಿಂತ 1996–97ರಲ್ಲಿ ಈ ದೇಶದ ನ್ಯಾಯಮಂತ್ರಿಯಾಗಿದ್ದ ಆನ್ನೆ ಹೋಲ್ಟ್ ಅವರ ಕಾದಂಬರಿಗಳು ನನಗೆ ಹೆಚ್ಚು ಹಿಡಿಸಿದವು.

ಜಪಾನಿನ ಕೇಗೊ ಹಿಗಾಶಿನೊ 2005ರಲ್ಲಿ ಪ್ರಕಟಿಸಿದ 'ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್' ಕಾದಂಬರಿಯಲ್ಲಿ ಕೊಲೆ ಯಾರಿಂದಾಯಿತೆಂಬುದು ಆರಂಭದಲ್ಲೇ ತಿಳಿದುಹೋಗುತ್ತದೆ. ಪಕ್ಕದ ಮನೆಯ ಗಣಿತದ ಮೇಷ್ಟ್ರು ಅದನ್ನು ಹೇಗೆ ಮುಚ್ಚಿಡುತ್ತಾರೆ, ಏಕೆ ಮುಚ್ಚಿಡುತ್ತಾರೆ ಎಂಬುದೇ ಕಥೆ. ಕೊನೆಯ ಪುಟಗಳನ್ನು ಓದಿ ಮುಗಿಸಿದ ಮೇಲೆ ಬಹಳ ಹೊತ್ತು ದೀಪ ಆರಿಸಲಾಗಲಿಲ್ಲ. ಫ್ರೆಡರಿಕ್ ಫೋರ್ಸೈತ್ ಅವರ 'ದಿ ಡೇ ಆಫ್ ದಿ ಜಾಕಲ್' (1971) ಇನ್ನೊಂದು ರೀತಿಯ ಸಾಹಸ: ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಅವರನ್ನು ಯಾರೂ ಕೊಲ್ಲಲಿಲ್ಲವೆಂದು ಲೋಕಕ್ಕೆಲ್ಲ ಗೊತ್ತಿದ್ದರೂ, ಕೊಲೆಗಾರ ಸಿದ್ಧತೆ ಮಾಡಿಕೊಳ್ಳುವುದನ್ನು ನೋಡುತ್ತ ಉಸಿರು ಬಿಗಿಹಿಡಿಯುತ್ತೇವೆ. ಅಗಾಥಾ ಕ್ರಿಸ್ಟಿಯವರ 'ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್' ಬಂದು ಈ ವರ್ಷಕ್ಕೆ ಸರಿಯಾಗಿ ನೂರು ವರ್ಷ. ಅದನ್ನು ಓದದವರಿಗೆ ಯಾರೂ ಅದರ ಬಗ್ಗೆ ಒಂದು ಮಾತನ್ನೂ ಹೇಳಕೂಡದು, ನಾನೂ ಹೇಳುವುದಿಲ್ಲ.

ಇನ್ನು ಕನ್ನಡದ ಪುಸ್ತಕಗಳು. ಪಟ್ಟಿಯ ಮೊದಲ ಹೆಸರಾಗಿ ಎನ್. ನರಸಿಂಹಯ್ಯನವರನ್ನು ಬರೆದುಕೊಂಡಾಗಲೇ ನನಗೆ ಅತ್ತೆಯ ನೆನಪು ಬಂದಿತ್ತು. ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದು, ಎಷ್ಟೋ ಮನೆಗಳಲ್ಲಿ ಅಕ್ಷರ ಕೂಡಿಸಿ ಓದುವವರನ್ನು ಸರಾಗವಾಗಿ ಓದುವವರನ್ನಾಗಿ ಮಾಡಿದ ಆ ಹಿರಿಯರ ಪುಸ್ತಕಗಳು ನಮ್ಮೂರಿನ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ದಿನಕ್ಕೆ ಇಪ್ಪತ್ತೈದು ಪೈಸೆಗೆ ಸಿಗುತ್ತಿದ್ದವು. ಬೇಸಿಗೆ ರಜೆಯಲ್ಲಿ ತಿಪಟೂರಿನ ಬಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅತ್ತೆ ಮತ್ತು ಅಕ್ಕಪಕ್ಕದ ಹೆಂಗಸರು ವರ್ಷದ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯಲು ಕೂರುತ್ತಿದ್ದರು. ಅತ್ತೆಗೆ ಆ ಹೊತ್ತಿಗಾಗಲೇ ಕಣ್ಣಿಗೆ ಪೊರೆ ಬಂದಿತ್ತು. ಹಾಗಾಗಿ ಓದುವ ಕೆಲಸ ನನ್ನದು. ಕಂಬಕ್ಕೆ ಒರಗಿ ಕುಳಿತು ನಾನು ಗಟ್ಟಿಯಾಗಿ ಓದುತ್ತ ಹೋದಂತೆ, ಸುತ್ತಿಗೆಯ ಸದ್ದು ಕಥೆಯ ಬಿಗಿ ನೋಡಿಕೊಂಡು ನಿಧಾನವಾಗುತ್ತಿತ್ತು. ಪತ್ತೇದಾರ ಕತ್ತಲ ಕೋಣೆಯೊಳಗೆ ಕಾಲಿಟ್ಟನೆಂದರೆ ಪೂರಾ ನಿಂತೇಹೋಗುತ್ತಿತ್ತು.

ಕಥೆಯಲ್ಲಿ ಅನುಮಾನದ ವ್ಯಕ್ತಿಯೊಬ್ಬ ಬಂದ ಕೂಡಲೇ ಅತ್ತೆ ಒಂದು ಹುಣಸೆಬೀಜವನ್ನು ಮೊರದ ಅಂಚಿನಲ್ಲಿ ಇಡುತ್ತಿದ್ದರು. ಚೌಕಾಬಾರ ಆಡಲು ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಟ್ಟುಕೊಂಡಿದ್ದ ಬೀಜಗಳವು. ಕಪ್ಪು ಮಗ್ಗುಲು ಮೇಲಿದ್ದರೆ ಅವನ ಮೇಲೆ ಅನುಮಾನ ಇದೆ ಎಂದು ಅರ್ಥ. ಅವನು ನಿರಪರಾಧಿಯೆಂದು ಮನವರಿಕೆಯಾದರೆ ಬೀಜವನ್ನು ತಿರುವಿ ಬಿಳಿ ಮಗ್ಗುಲನ್ನು ಮೇಲೆ ಮಾಡುತ್ತಿದ್ದರು. "ಪುಟ್ಟಿ, ಅಲ್ಲೇ ನಿಲ್ಸು. ಆ ಮ್ಯಾನೇಜರು ಕೇಳದೇ ಇದ್ದಿದ್ದಕ್ಕೂ ಉತ್ತರ ಹೇಳ್ತಿದಾನೆ. ಅವನ ಬೀಜ ತಿರುಗಿಸ್ಬೇಡ" ಎಂದು ಒಮ್ಮೆ ಹೇಳಿದ್ದು ನನಗೆ ಇವತ್ತಿಗೂ ಹಾಗೇ ಕೇಳಿಸುತ್ತದೆ. ಮೂರನೆಯ ತರಗತಿಗೆ ಶಾಲೆ ಬಿಟ್ಟಿದ್ದ ಅತ್ತೆ, ಮನುಷ್ಯರ ಮಾತಿನಲ್ಲಿ ಸುಳ್ಳು ಎಲ್ಲಿ ಸೇರಿಕೊಂಡಿದೆಯೆಂದು ಪತ್ತೇದಾರನಿಗಿಂತ ಮೊದಲೇ ಗುರುತಿಸುತ್ತಿದ್ದರು. ಹುಣಸೆಹಣ್ಣಿಗೆ ಉಪ್ಪು ಬೆರೆಸಿ ಜಾಡಿಗೆ ತುಂಬುವ ಹೊತ್ತಿಗೆ ನಾವು ಹದಿನಾಲ್ಕೋ ಹದಿನೈದೋ ಪುಸ್ತಕ ಮುಗಿಸಿರುತ್ತಿದ್ದೆವು. ಸವಾಲು ಎಂಬ ಮಾತಿಲ್ಲದೆ, ಪಟ್ಟಿಯಿಲ್ಲದೆ, ಒಂದೇ ಬೇಸಿಗೆಯಲ್ಲಿ ಅಷ್ಟು ಪುಸ್ತಕ.

ಈ ಡಿಸೆಂಬರಿನಲ್ಲಿ ಓಸ್ಲೋದ ಗ್ರೋನ್‌ಲಾಂಡ್ ಬಡಾವಣೆಯ ಅಂಗಡಿಯಿಂದ ತಂದ ಹುಣಸೆಹಣ್ಣಿನಲ್ಲಿ ಬೀಜಗಳಿದ್ದವು. ತೊಳೆದು, ಒಣಗಿಸಿ, ಮಗಳೂ ನಾನೂ ಹೊರಬಾಗಿಲ ಮುಂದಿನ ಕಲ್ಲಿನ ಮೆಟ್ಟಿಲಿಗೆ ಅವುಗಳನ್ನು ಉಜ್ಜಿದೆವು. ಚಳಿಗೆ ಬೆರಳು ಮರಗಟ್ಟಿದರೂ ಆರು ಬೀಜ ಬೆಳ್ಳಗಾಗುವವರೆಗೆ ಅವಳು ಒಳಗೆ ಬರಲಿಲ್ಲ. ಅಂದಿನಿಂದ ವಾರಕ್ಕೆ ಎರಡು ಸಂಜೆ ನಾವು ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್' (1994) ಓದುತ್ತಿದ್ದೇವೆ. ಏಲಕ್ಕಿ ಮಾರಲು ಹೊರಟ ಸುರೇಶ ಮತ್ತು ಗೌರಿ ಒಂದೇ ದಿನದೊಳಗೆ ಕಾಡುಗಳ್ಳರ ಜಾಲದ ನಡುವೆ ಸಿಕ್ಕಿಬೀಳುವ ಈ ಕಥೆ, ನಾನು ಈ ವರ್ಷ ಓದಿದ ಹತ್ತೊಂಬತ್ತರಲ್ಲಿ ಎಲ್ಲಕ್ಕಿಂತ ದೊಡ್ಡದೆಂದು ನನ್ನ ದೃಢವಾದ ಅಭಿಪ್ರಾಯ. ಬೇರೆ ಕಾದಂಬರಿಗಳಲ್ಲಿ ಅಪರಾಧಿ ಸಿಕ್ಕಿದ ಕೂಡಲೇ ಊರು ಮೊದಲಿನಂತಾಗುತ್ತದೆ. ತೇಜಸ್ವಿಯವರಲ್ಲಿ ಹಾಗೆ ಆಗುವುದಿಲ್ಲ. ಕಾಡು, ರಸ್ತೆ, ರೈಲು, ಮಂಡಿ, ಹಳೆಯ ಕಾವ್ಯವೊಂದರೊಳಗೆ ಅಡಗಿದ ಕೆಂಪು ಕಲ್ಲಿನ ಗುಟ್ಟು ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡು, ಯಾರನ್ನು ಹಿಡಿದರೆ ಇದು ನಿಂತೀತು ಎಂಬ ಪ್ರಶ್ನೆ ಓದುಗರ ಕೈಯಲ್ಲೇ ಉಳಿಯುತ್ತದೆ. ಮಗಳಿಗೆ 'ಮಂಡಿ' ಎಂದರೆ ಮೊಣಕಾಲು ಮಾತ್ರ ಗೊತ್ತಿತ್ತು. ಏಲಕ್ಕಿಯನ್ನು ಮೊಣಕಾಲಿಗೆ ಏಕೆ ಒಯ್ಯುತ್ತಾರೆಂದು ಅವಳು ಕೇಳಿದಾಗ, ಓದನ್ನು ನಿಲ್ಲಿಸಿ ತಿಪಟೂರಿನ ಕೊಬ್ಬರಿ ಮಂಡಿಯ ವಿಷಯವನ್ನು ಅರ್ಧ ಗಂಟೆ ಹೇಳಿದೆ. ತೇಜಸ್ವಿಯವರು ತೀರಿಕೊಂಡದ್ದು 2007ರ ಏಪ್ರಿಲ್ 5ರಂದು. ಈ ವರ್ಷದ ಈಸ್ಟರ್ ಭಾನುವಾರವೂ ಏಪ್ರಿಲ್ 5ರಂದೇ ಬಂದಿದೆ. ಆ ದಿನ ನಿಮ್ಮ ಮನೆಯ ಈಸ್ಟರ್ ಪತ್ತೇದಾರಿ ಕನ್ನಡದ್ದಾಗಿರಲೆಂದು ಕೇಳಿಕೊಳ್ಳುತ್ತೇನೆ.

ಜಾಗ ಕಡಿಮೆಯಿರುವುದರಿಂದ ಸೂಚನೆಗಳನ್ನು ಒಟ್ಟಿಗೆ ಕೊಡುತ್ತಿದ್ದೇನೆ. ಯುಗಾದಿ ಮಾರ್ಚ್ 19, ಗುರುವಾರ. ಕೆಲಸದ ದಿನವಾದ್ದರಿಂದ ನಮ್ಮ ಕೂಟದ ಆಚರಣೆ ಮಾರ್ಚ್ 21, ಶನಿವಾರ ಬೆಳಿಗ್ಗೆ 11ಕ್ಕೆ ಎಂದಿನ ಸಭಾಂಗಣದಲ್ಲಿ. ಬೇವಿನ ಹೂವು ಊರಿನಿಂದ ತಂದವರು ದಯವಿಟ್ಟು ಅಡುಗೆ ಸಮಿತಿಗೆ ತಿಳಿಸಿ. ಒಬ್ಬಟ್ಟಿಗೆ ಕಣಕ ಕಲಸುವುದು ಶುಕ್ರವಾರ ಸಂಜೆ, ಕನಿಷ್ಠ ಆರು ಜನ ಬೇಕು. ಮಕ್ಕಳ ಕನ್ನಡ ತರಗತಿ ಮಾರ್ಚ್ 22ರಂದು ಇದೆ. 29 ಮತ್ತು ಏಪ್ರಿಲ್ 5ರಂದು ಇಲ್ಲ. ಮಾರ್ಚ್ 29ರಂದು ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುವುದರಿಂದ ಊರಿಗೂ ನಮಗೂ ವ್ಯತ್ಯಾಸ ನಾಲ್ಕೂವರೆಯಿಂದ ಮೂರೂವರೆ ಗಂಟೆಗೆ ಇಳಿಯುತ್ತದೆ. ಮನೆಗೆ ಫೋನ್ ಮಾಡುವವರು ನೆನಪಿಡಿ. ಸದಸ್ಯತ್ವ ಶುಲ್ಕ ಈ ತಿಂಗಳ ಕೊನೆಯೊಳಗೆ. ಯುಗಾದಿಯಂದು ಸಭಾಂಗಣದ ಬಾಗಿಲ ಬಳಿ ಒಂದು ಮೇಜು ಹಾಕಿರುತ್ತೇವೆ. ಮನೆಯಲ್ಲಿ ಓದಿ ಮುಗಿಸಿದ ಕನ್ನಡ ಪತ್ತೇದಾರಿ, ಸಾಹಸ, ಬೇಟೆಯ ಕಥೆಗಳು ಇದ್ದರೆ ತಂದಿಟ್ಟು, ಬೇರೊಂದನ್ನು ಕೊಂಡೊಯ್ಯಿರಿ. ತೇಜಸ್ವಿಯವರು ಕೆನ್ನೆತ್ ಆಂಡರ್ಸನ್ ಅವರ ಶಿಕಾರಿ ಅನುಭವಗಳನ್ನು ಕನ್ನಡಕ್ಕೆ ತಂದ 'ಕಾಡಿನ ಕಥೆಗಳು' ಯಾರ ಬಳಿಯಾದರೂ ಇದ್ದರೆ, ಹತ್ತು ವರ್ಷ ದಾಟಿದ ನಮ್ಮ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಆರಂಭ ಇಲ್ಲ.

ಇನ್ನೊಂದು ಮಾತು. ಆರು ವರ್ಷದಿಂದ ಈ ಪತ್ರಿಕೆಯ ಪುಟಗಳನ್ನು ಜೋಡಿಸುತ್ತ ಬಂದ ನಮ್ಮ ಗೆಳೆಯರು ಏಪ್ರಿಲ್ ಕೊನೆಯಲ್ಲಿ ಕುಟುಂಬದೊಡನೆ ಬೆಂಗಳೂರಿಗೆ ಮರಳುತ್ತಿದ್ದಾರೆ. ಅವರ ಜಾಗಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ಕರಡು ತಿದ್ದುವುದು, ಲೇಖನ ಕೇಳಿ ತರಿಸುವುದು, ಪುಟ ಜೋಡಿಸುವುದು ಮೂರನ್ನೂ ಒಬ್ಬಳೇ ಮಾಡಲು ನನ್ನಿಂದ ಆಗುವುದಿಲ್ಲ. ಈಗ ರಾತ್ರಿ ಒಂದು ಗಂಟೆ, ಬೆಳಿಗ್ಗೆ ಎಂಟಕ್ಕೆ ಕಚೇರಿಯಲ್ಲಿರಬೇಕು. ಕನ್ನಡ ಟೈಪು ಮಾಡಬಲ್ಲವರು ಯಾರಾದರೂ, ಎರಡು ತಿಂಗಳಿಗೊಮ್ಮೆ ಎರಡು ಸಂಜೆ ಕೊಡಬಲ್ಲಿರಾದರೆ, ಯುಗಾದಿಯ ದಿನ ಪುಸ್ತಕದ ಮೇಜಿನ ಬಳಿ ನನ್ನನ್ನು ಬಂದು ಕಾಣಿ. ಸಂಚಿಕೆ ನಿಲ್ಲಬಾರದು.

ಅಡುಗೆಮನೆಯ ಮೇಜಿನ ಮೇಲೆ 'ಜುಗಾರಿ ಕ್ರಾಸ್' ಮಗುಚಿಟ್ಟ ಹಾಗೇ ಇದೆ. ಪಕ್ಕದ ತಟ್ಟೆಯಲ್ಲಿ ಆರು ಬೀಜಗಳು. ನಿನ್ನೆ ರಾತ್ರಿ ಮಗಳು ಎರಡನ್ನು ಬೆಳ್ಳಗೆ ತಿರುವಿ ಮಲಗಿದ್ದಾಳೆ.